ಉಜಿರೆಯಲ್ಲಿ ಬಟ್ಟೆ ಒಣಗುತ್ತಾ?

ಕಾಲೇಜಿನಲ್ಲಿ ನಮಗೆ ಊರಿನ ಹೆಸರೇ ಹೆಸರಾಗಿತ್ತು. ಇಪ್ಪತ್ತೈದು ವರ್ಷವಾದರೂ ಅದು ಹೋಗಿಲ್ಲ. ಮೊನ್ನೆ ರಾತ್ರಿ ಬಿಜಾಪುರ ಫೋನ್ ಮಾಡಿ, ಮೂಡಿಗೆರೆಯನ್ನೂ ಬೆಳ್ತಂಗಡಿಯನ್ನೂ ಅದೇ ಕಾಲ್‌ಗೆ ಎಳೆದುಕೊಂಡ. ತುಮಕೂರು, ಅಂದರೆ ನಾನು, ಮೊದಲೇ ಸಿಕ್ಕಿಬಿದ್ದಿದ್ದೆ. ವಿಷಯ ಏನಪ್ಪಾ ಅಂದರೆ, ಬಿಜಾಪುರನ ಮಗಳಿಗೆ ಉಜಿರೆಯಲ್ಲಿ ಡಿಗ್ರಿ ಸೀಟು ಸಿಕ್ಕಿದೆ.

"ಊರು ಹೆಂಗೈತ್ರೋ? ನೀರು, ಊಟ, ಬಸ್ಸು ಎಲ್ಲಾ ಬರೋಬರಿ ಐತೇನು?" ಅಂದ.

ಮೂರು ವರ್ಷ ಅದೇ ಊರಲ್ಲಿ ಉಂಡು, ಮಲಗಿ, ಎರಡು ಸಬ್ಜೆಕ್ಟ್ ಬಾಕಿ ಉಳಿಸಿಕೊಂಡು ಬಂದವನು ಕೇಳುವ ಪ್ರಶ್ನೆಯಾ ಇದು?

"ಎಂತ ಮಾರಾಯ, ನೀನೇ ಇದ್ದೆಯಲ್ಲ ಇಲ್ಲಿ?" ಎಂದ ಬೆಳ್ತಂಗಡಿ.

"ನಾ ಇದ್ದದ್ದು ಬ್ಯಾರೆ. ಈಗ ಅಪ್ಪಾಗಿ ಕೇಳಾಕತ್ತೀನಿ."

ಸರಿ, ಅಪ್ಪನಿಗೆ ಉತ್ತರ ಕೊಡಲು ಕೂತೆವು. ಬಸ್ಸಿನ ಚಿಂತೆ ಇಲ್ಲ. ಸರ್ಕಲ್‌ನಲ್ಲಿ ನಿಂತರೆ ಒಂದು ರಸ್ತೆ ಬೆಳ್ತಂಗಡಿಗೆ, ಒಂದು ಚಾರ್ಮಾಡಿಗೆ, ಇನ್ನೊಂದು ಧರ್ಮಸ್ಥಳಕ್ಕೆ. ಧರ್ಮಸ್ಥಳ ಒಂಬತ್ತು ಕಿಲೋಮೀಟರ್ ಆಸುಪಾಸು. ರಾಜ್ಯದ ಯಾವ ಮೂಲೆಯಿಂದಾದರೂ ಅಲ್ಲಿಗೆ ಬಸ್ಸು ಬರುತ್ತದೆ. ಹಾಗಾಗಿ ಮಂಜುನಾಥನ ಭಕ್ತರ ಜೊತೆ ನಾವೂ ಊರು ಸೇರುತ್ತಿದ್ದೆವು. ತಿಂಗಳ ಕೊನೆಗೆ ಜೇಬು ಖಾಲಿಯಾದಾಗ ನಮ್ಮ ಭಕ್ತಿ ಸ್ವಲ್ಪ ಜಾಸ್ತಿಯಾಗುತ್ತಿತ್ತು. ದರ್ಶನ ಐದು ನಿಮಿಷ, ಊಟದ ಪಂಕ್ತಿಯಲ್ಲಿ ಮುಕ್ಕಾಲು ಗಂಟೆ.

"ಬಸ್ಸಿನ ಭಾಷೆ ಹೇಳ್ರೋ ಅವನಿಗೆ" ಎಂದ ಮೂಡಿಗೆರೆ.

ಅದು ಹಳೇ ಕಥೆ. ಮೊದಲ ವಾರ ಬಿಜಾಪುರ ಬಸ್ಸು ಹತ್ತಿದ. ಕಂಡಕ್ಟರ್ ಬಂದು ತುಳುವಿನಲ್ಲಿ "ಓಡೆ?" ಅಂದರು. ಎಲ್ಲಿಗೆ ಅಂತ. ಇವನು ಗಾಬರಿಯಾಗಿ, "ನಾ ಯಾಕ ಓಡ್ಲಿ? ಬಸ್ಸಿನ್ಯಾಗ ಅದೀನಲ್ರೀ!" ಅಂದಿದ್ದ. ಆಮೇಲೆ ಆ ಕಂಡಕ್ಟರ್ ಇವನನ್ನು ಕಂಡರೆ ಸಾಕು, ಅಚ್ಚ ಕನ್ನಡದಲ್ಲಿ "ಓಡ್ತೀರಾ, ಕೂರ್ತೀರಾ?" ಅನ್ನುತ್ತಿದ್ದರು.

"ಘಾಟಿ ಕಥಿ ಏನು? ಈಕಿಗೆ ಬಸ್ಸಿನ್ಯಾಗ ವಾಂತಿ ಆಗ್ತದ."

ಮೂಡಿಗೆರೆಗೆ ಇಂಥ ಪ್ರಶ್ನೆ ಸಿಕ್ಕರೆ ಹಬ್ಬ. ಚಾರ್ಮಾಡಿ ಅವನ ಮನೆ ದಾರಿ. ತಿರುವುಗಳ ಬಗ್ಗೆ, ನಿಂಬೆಹಣ್ಣಿನ ಬಗ್ಗೆ, ಕಿಟಕಿ ಪಕ್ಕದ ಸೀಟಿನ ಬಗ್ಗೆ ಹತ್ತು ನಿಮಿಷ ಮಾತಾಡಿದ. ಕೊನೆಗೆ ಕೊಟ್ಟಿಗೆಹಾರದ ನೀರುದೋಸೆಗೆ ಬಂದು ನಿಂತ. ವಾಂತಿಯಿಂದ ದೋಸೆಗೆ ಅಷ್ಟು ಸಲೀಸಾಗಿ ಬರುವುದು ಅವನಿಗೊಬ್ಬನಿಗೇ ಸಾಧ್ಯ.

"2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಘಾಟಿಯೇ ಬಂದ್ ಆಗಿತ್ತು" ಎಂದ ಬೆಳ್ತಂಗಡಿ. "ಮಳೆಗಾಲದಲ್ಲಿ ಹೊರಡುವ ಮೊದಲು ರಸ್ತೆ ಉಂಟಾ ಅಂತ ಒಂದು ಫೋನ್ ಮಾಡ್ಲಿ."

ಬಿಜಾಪುರ ಅದನ್ನು ಬರೆದುಕೊಂಡ. ಪೆನ್ನಿನ ಸದ್ದು ಕೇಳಿಸಿತು. ಕ್ಲಾಸಿನಲ್ಲಿ ಒಂದು ದಿನವೂ ನೋಟ್ಸ್ ಬರೆಯದ ಆಸಾಮಿ!

"ಮತ್ತ, ಅರಿವಿ ಒಣಗ್ತಾವೇನು?"

ಎಲ್ಲರೂ ಒಂದು ಕ್ಷಣ ಸುಮ್ಮನಾದೆವು.

ಜೂನ್‌ನಲ್ಲಿ ಒಗೆದ ಬನಿಯನ್ ಅಲ್ಲಿ ಸುಮ್ನೆ ಒಣಗುವುದಿಲ್ಲ. ಹಗ್ಗದ ಮೇಲೆ ಮೂರು ದಿನ ನೇತಾಡಿ, ಒಗೆದಾಗಿನಕ್ಕಿಂತ ಒದ್ದೆಯಾಗಿ ಕೆಳಗಿಳಿಯುತ್ತದೆ. ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಆಡಿಸದ ನಾಲಿಗೆಗೂ ಹಿಡಿದೀತು. ನಮ್ಮನ್ನು ಕಾಪಾಡಿದ್ದು ಮನೆ ಓನರ್ ಅಮ್ಮನ ಬಚ್ಚಲುಮನೆ. ಅಲ್ಲಿ ದೊಡ್ಡ ತಾಮ್ರದ ಹಂಡೆ, ಕೆಳಗೆ ಸದಾ ಬೆಂಕಿ. ಉರಿಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು. ಹಂಡೆಯ ಮೇಲೊಂದು ಹಗ್ಗ ಕಟ್ಟಿದ್ದೆವು. ಆ ಹಗ್ಗದ ನಡುಭಾಗಕ್ಕೆ ನಡೆದ ಜಗಳ ಜಮೀನಿಗೂ ನಡೆದಿರಲಿಕ್ಕಿಲ್ಲ. ಕೊನೆಗೊಂದು ಕಾನೂನು ಮಾಡಿಕೊಂಡೆವು: ಪರೀಕ್ಷೆ ಇದ್ದವನ ಪ್ಯಾಂಟಿಗೆ ನಡುಭಾಗ, ಉಳಿದವರ ಬಟ್ಟೆ ಅಂಚಿಗೆ. ಪರೀಕ್ಷೆ ಇಲ್ಲದ ದಿನವೂ ಬಿಜಾಪುರ ನಡುವೆ ಟವೆಲ್ ಹಾಕಿದ. ಇಡ್ಲಿಯಷ್ಟು ಅಗಲ ಸುಟ್ಟು ತೂತಾಯಿತು. ಡಿಗ್ರಿ ಮುಗಿಯುವ ತನಕ ಆ ತೂತಿನಿಂದಲೇ ನಮ್ಮನ್ನು ನೋಡಿ ಮುಖ ಒರೆಸಿಕೊಂಡ.

ಬಟ್ಟೆ ಒಣಗುತ್ತಿತ್ತು ನಿಜ. ಆದರೆ ಹೊಗೆ! ಒಮ್ಮೆ ವೈವಾಗೆ ಹೋದಾಗ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಕಡೆ ಎರಡು ಸಲ ಮೂಸಿ ನೋಡಿ, "ಮನೆಯಲ್ಲಿ ಕಟ್ಟಿಗೆ ಒಲೆಯಾ?" ಎಂದರು. ನಾನು ಉತ್ತರ ಕೊಟ್ಟದ್ದು ಅದೊಂದಕ್ಕೇ.

"ಬೆಟ್ಟ ಕಾಣತಾವ ಅಂತ ಫೋಟೋ ನೋಡಿ ಖುಷಿಯಾಗ್ಯಾಳ."

"ಅಕ್ಟೋಬರ್ ತನಕ ಕಾಯಬೇಕು ಅಂತ ಹೇಳು" ಎಂದೆ. ನಿಜವಾಗಿಯೂ ಮೊದಲ ವರ್ಷ ಬೆಟ್ಟ ಇರುವುದು ನಮಗೆ ಗೊತ್ತಾಗಿದ್ದೇ ಆಗ. ನಾಲ್ಕು ತಿಂಗಳು ಬರೀ ಮೋಡ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದರೆ ಇಡೀ ಘಟ್ಟಸಾಲು ಎದುರಿಗೆ ನಿಂತಿತ್ತು, ರಾತ್ರೋರಾತ್ರಿ ಯಾರೋ ತಂದಿಟ್ಟ ಹಾಗೆ. ಬಿಜಾಪುರ ಬ್ರಷ್ ಬಾಯಲ್ಲಿಟ್ಟುಕೊಂಡೇ, "ಇದು ನಿನ್ನಿ ಇತ್ತೇನಲೇ?" ಅಂದಿದ್ದ.

ಊಟದ ಮಾತು ಬೇಗ ಮುಗಿಯಿತು. ಕುಚ್ಚಲಕ್ಕಿ ಅನ್ನ ಒಂದು ತಿಂಗಳು ಗಂಟಲಲ್ಲಿ ಇಳಿಯುವುದಿಲ್ಲ, ಆಮೇಲೆ ಬೇರೆ ಅನ್ನ ಇಳಿಯುವುದಿಲ್ಲ. ಬನ್ಸ್ ಅಂದರೆ ಬೇಕರಿಯ ಬನ್ನು ಅಲ್ಲ, ಬಾಳೆಹಣ್ಣಿನ ಸಿಹಿ ಪೂರಿ. ಜೋಳದ ರೊಟ್ಟಿಯ ಆಸೆಯಾದರೆ ಮನೆಯಿಂದ ಕಟಕ್ ರೊಟ್ಟಿ ಕಟ್ಟಿಕೊಡಬೇಕು. "ಅದೂ ಎರಡು ದಿನಕ್ಕೆ ಮೆತ್ತಗಾಗ್ತದೆ" ಎಂದ ಬೆಳ್ತಂಗಡಿ. ಅವನಿಗೆ ಗೊತ್ತಿರಲೇಬೇಕು. ಬಿಜಾಪುರನ ಡಬ್ಬಿಯ ಅರ್ಧ ಖಾಲಿ ಮಾಡಿದ್ದೇ ಅವನು.

ಅಷ್ಟರಲ್ಲಿ ಆ ಕಡೆಯಿಂದ ಹುಡುಗಿಯ ದನಿ ಕೇಳಿಸಿತು. ಫೋನು ಸ್ಪೀಕರ್‌ನಲ್ಲಿತ್ತಂತೆ.

"ಕಾಕಾ, ಬಟ್ಟಿ ಲಾಂಡ್ರಿಗೆ ಕೊಡ್ತೀನಿ, ಅದ್ ಬಿಡ್ರಿ. ಆ ಗಡಾಯಿಕಲ್ಲು ಅಂತ ಐತಲ್ಲ, ಟಿಪ್ಪು ಕಟ್ಟಿಸಿದ್ ಕೋಟೆ, ಅದಕ್ಕ 1,800ಕ್ಕೂ ಜಾಸ್ತಿ ಮೆಟ್ಟಿಲಂತ. ಕ್ಲಾಸ್ ಇದ್ದಾಗ ಹೋಗಿ ಬರಾಕಾಗ್ತದ?"

"ಕ್ಲಾಸ್ ಬಿಟ್ಟು ಎಲ್ಲಿಗೂ ಹೋಗೂದಿಲ್ಲ!" ಗುಡುಗಿದ ಬಿಜಾಪುರ. "ನಾವೇನು ಹಂಗ ಮಾಡ್ತಿದ್ವೇನು?"

ಬೆಳ್ತಂಗಡಿ ಗಂಟಲು ಸರಿಮಾಡಿಕೊಂಡ. "ಮಗಳೇ, ಅಪ್ಪನ ಹಳೇ ಆಲ್ಬಂ ಮನೆಯಲ್ಲಿ ಉಂಟಾ? ಗಡಾಯಿಕಲ್ಲಿನ ತುದಿಯಲ್ಲಿ ತೂತು ಟವೆಲ್ ಹೆಗಲಿಗೆ ಹಾಕಿಕೊಂಡು..."

ಕಾಲ್ ಕಟ್ ಆಯಿತು. ನೆಟ್‌ವರ್ಕ್ ಸಮಸ್ಯೆ ಅಂತ ಆಮೇಲೆ ಮೆಸೇಜ್ ಹಾಕಿದ್ದ.