ಎಸ್‌ವಿಜಿ ಗ್ರೇಡಿಯಂಟ್‌ನ ನಡುವೆ ಕಂದು ಬಣ್ಣ ಬರುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ಜಾಲತಾಣವೊಂದರ ಮುಖಪುಟಕ್ಕಾಗಿ ಸೂರ್ಯಾಸ್ತದ ಚಿತ್ರವನ್ನು ಎಸ್‌ವಿಜಿಯಲ್ಲಿ (ಆಕೃತಿಗಳನ್ನು ಕೋಡ್ ಆಗಿ ಬರೆಯುವ ಚಿತ್ರಮಾದರಿ) ರಚಿಸುತ್ತಿದ್ದೇನೆ. ಆಕಾಶದ ಕೇಸರಿ ಬಣ್ಣ ಕೆಳಗಿಳಿಯುತ್ತಾ ಬಿಳಿಯ ಪುಟದಲ್ಲಿ ಕರಗಿಹೋಗಲೆಂದು ಗ್ರೇಡಿಯಂಟ್ (ಒಂದು ಬಣ್ಣ ಮೆಲ್ಲಗೆ ಇನ್ನೊಂದಾಗಿ ಬದಲಾಗುವುದು) ಬಳಸಿ, ಅದರ ಮೊದಲ ಸ್ಟಾಪ್‌ಗೆ (ಬಣ್ಣವನ್ನು ಗೊತ್ತುಪಡಿಸುವ ಬಿಂದು) ಕೇಸರಿಯನ್ನೂ ಕೊನೆಯದಕ್ಕೆ ‘ಟ್ರಾನ್ಸ್‌ಪರೆಂಟ್’ ಎಂಬ ಪದವನ್ನೂ ಕೊಟ್ಟಿದ್ದೇನೆ. ಆದರೆ ನಡುವೆ ಮಣ್ಣು ಮೆತ್ತಿದಂತೆ ಕಂದು ಛಾಯೆ ಕಾಣುತ್ತಿದೆ. ಇದೇ ಬಣ್ಣಗಳನ್ನು ಸಿಎಸ್‌ಎಸ್ (ಪುಟದ ವಿನ್ಯಾಸವನ್ನು ಬರೆಯುವ ಭಾಷೆ) ಹಿನ್ನೆಲೆಯಾಗಿ ಬರೆದರೆ ತೊಂದರೆಯಿಲ್ಲ. ತಪ್ಪು ಎಲ್ಲಿದೆ?

ಉತ್ತರ: ತಪ್ಪಿರುವುದು ಆ ಒಂದು ಪದದಲ್ಲಿ. ‘ಟ್ರಾನ್ಸ್‌ಪರೆಂಟ್’ ಎಂದರೆ ಬಣ್ಣವೇ ಇಲ್ಲವೆಂದು ನಾವು ತಿಳಿಯುತ್ತೇವೆ. ಬ್ರೌಸರ್‌ಗೆ ಮಾತ್ರ ಅದು ಪೂರ್ತಿ ಪಾರದರ್ಶಕವಾದ ಕಪ್ಪು. ಎಸ್‌ವಿಜಿ ಬಣ್ಣವನ್ನೂ ಪಾರದರ್ಶಕತೆಯನ್ನೂ ಬೇರೆಬೇರೆಯಾಗಿ ಬದಲಿಸುತ್ತಾ ಹೋಗುವುದರಿಂದ, ನಿಮ್ಮ ಕೇಸರಿ ಮಸುಕಾಗುವುದರ ಜೊತೆಗೆ ಕಪ್ಪಿನ ಕಡೆಗೂ ವಾಲುತ್ತದೆ. ಸಿಎಸ್‌ಎಸ್ ಗ್ರೇಡಿಯಂಟ್ ಬಣ್ಣವನ್ನು ಮೊದಲೇ ಅದರ ಅಪಾರದರ್ಶಕತೆಯಿಂದ ಗುಣಿಸಿಕೊಂಡು ಬೆರೆಸುವ ಕಾರಣ ಅಲ್ಲಿ ಕಪ್ಪು ಇಣುಕುವುದಿಲ್ಲ.

ಲೆಕ್ಕ ಹಾಕಿ ನೋಡಿ. 0ರಿಂದ 255ರ ಅಳತೆಯಲ್ಲಿ ನಿಮ್ಮ ಕೇಸರಿಯಲ್ಲಿ ಕೆಂಪು 255, ಹಸಿರು 120, ನೀಲಿ 0 ಎಂದುಕೊಳ್ಳೋಣ. ಸರಿಯಾಗಿ ನಡುವೆ ಅದು ಅರ್ಧ ಕಪ್ಪಾಗಿ, ಬಿಳಿಯ ಮೇಲೆ ಸುಮಾರು 191, 158, 128 ಆಗಿ ಕಾಣುತ್ತದೆ. ನೀವು ಕಂಡ ಕಂದು ಇದೇ. ಅಲ್ಲಿ ಬರಬೇಕಾಗಿದ್ದದ್ದು 255, 188, 128. ಆದ್ದರಿಂದ ಎರಡೂ ಸ್ಟಾಪ್‌ಗಳ ‘ಸ್ಟಾಪ್-ಕಲರ್’ಗೆ ಅದೇ ಕೇಸರಿಯನ್ನು ಕೊಟ್ಟು, ಕೊನೆಯದರ ‘ಸ್ಟಾಪ್-ಒಪಾಸಿಟಿ’ಯನ್ನು (ಅಪಾರದರ್ಶಕತೆ: 1 ಎಂದರೆ ಪೂರ್ತಿ ಗಾಢ, 0 ಎಂದರೆ ಕಾಣದು) ಮಾತ್ರ 0 ಮಾಡಿ. ಕಣ್ಣಿಗೆ ಕಾಣದ ಸ್ಟಾಪ್‌ಗೂ ಬಣ್ಣ ಬೇಕೇ ಎಂದು ಹಲವರು ಕೇಳುತ್ತಾರೆ, ಹೌದು, ಬೇಕು.

ಪ್ರಶ್ನೆ: ಸರಿಹೋಯಿತು ಸರ್, ಧನ್ಯವಾದಗಳು. ಗಾಢ ಹಿನ್ನೆಲೆಯ ಪುಟದಲ್ಲಿ ಇಡೀ ಆಕಾಶ ಅರ್ಧದಷ್ಟು ತೆಳುವಾಗಬೇಕು. ಪ್ರತಿ ಸ್ಟಾಪ್ ಅನ್ನೂ ತಿದ್ದಬೇಕೆ?

ಉತ್ತರ: ಬೇಕಿಲ್ಲ. ಆಕೃತಿಗೆ ‘ಫಿಲ್-ಒಪಾಸಿಟಿ’ 0.5 ಕೊಟ್ಟರೆ ಅದು ಪ್ರತಿ ಸ್ಟಾಪ್‌ನ ಬೆಲೆಯೊಂದಿಗೆ ಗುಣಿಸಿಕೊಳ್ಳುತ್ತದೆ: 0.8 ಇದ್ದದ್ದು 0.4 ಆಗುತ್ತದೆ, 0 ಇದ್ದದ್ದು 0 ಆಗಿಯೇ ಉಳಿಯುತ್ತದೆ. ಆಕೃತಿಗೆ ಹೊರಗೆರೆಯೂ ಇದ್ದು, ಅದೂ ತೆಳುವಾಗಬೇಕಾದರೆ ‘ಒಪಾಸಿಟಿ’ಯನ್ನು ಬಳಸಿ. ಆದರೆ ಅದನ್ನು ಆಕೃತಿಗೇ ಬರೆಯಿರಿ. ಆತುರದಲ್ಲಿ ನಾನೂ ಎಷ್ಟೋ ಸಲ ಮಾಡಿರುವಂತೆ ಸ್ಟಾಪ್‌ನೊಳಗೆ ಬರೀ ‘ಒಪಾಸಿಟಿ’ ಎಂದು ಬರೆದರೆ, ಬ್ರೌಸರ್ ಯಾವ ದೋಷವನ್ನೂ ತೋರಿಸದೆ ಅದನ್ನು ಸುಮ್ಮನೆ ಕಡೆಗಣಿಸುತ್ತದೆ.