ಮಕ್ಕಳು, ಅತ್ತೆ ಜೊತೆ ಯುರೋಪ್ ಟ್ರೇನ್ ಟ್ರಿಪ್: ಎಷ್ಟು ಊರು, ಯಾವ ಟಿಕೆಟ್, ಊಟಕ್ಕೇನು?

ಬೆಂಗಳೂರಿನಿಂದ ಪ್ರಶ್ನೆ:

ಎಲ್ರಿಗೂ ನಮಸ್ಕಾರ. ಬರೋ ಮೇ ರಜಕ್ಕೆ ಯುರೋಪ್ ಹೋಗೋಣ ಅಂತಿದೀವಿ. ನಾನು, ನಮ್ಮೆಜಮಾನ್ರು, 9 ವರ್ಷದ ಮಗಳು, 4 ತುಂಬಿರೋ ಮಗ, ಜೊತೆಗೆ ನಮ್ಮತ್ತೆ, ಅವರಿಗೆ ಮಂಡಿನೋವು. ಕೈಲಿರೋದು ಎರಡು ವಾರ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಸ್ವಿಟ್ಜರ್‌ಲ್ಯಾಂಡಿನ ಲೂಸರ್ನ್, ಇಂಟರ್‌ಲಾಕನ್, ಆಮೇಲೆ ವಾಪಸ್ ಪ್ಯಾರಿಸ್ಸಿಗೆ ಬಂದು ಫ್ಲೈಟು. ಟೂರ್ ಬಸ್ಸಲ್ಲಿ ಹೋಗಿ ಬಂದವರೆಲ್ಲ ಬೆಳಗಿನ ಜಾವಾನೇ ಎಬ್ಬಿಸ್ತಾರೆ ಅಂತ ಹೆದರಿಸಿದಾರೆ, ಅದಕ್ಕೇ ಟ್ರೇನು. ಪಾಸ್ ತಗೊಳ್ಳೋದಾ, ಒಂದೊಂದೇ ಟಿಕೆಟ್ಟಾ? ಅತ್ತೆ ಪ್ಯೂರ್ ವೆಜ್, ಮೊಟ್ಟೇನೂ ಮುಟ್ಟಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಮೈಸೂರಿನಿಂದ:

ನಾವೂ ಇಂಥದ್ದೇ ಟ್ರಿಪ್ ಮಾಡಿ ಬಂದಿದೀವಿ ಮೇಡಂ, ಮಕ್ಕಳ ವಯಸ್ಸೂ ಹೆಚ್ಚುಕಮ್ಮಿ ಅಷ್ಟೇ. ಮೊದಲನೇ ಮಾತು, ಊರು ಕಡಿಮೆ ಮಾಡಿ. ಮೊಬೈಲಲ್ಲಿ ನೋಡಿದ್ರೆ ಪ್ಯಾರಿಸ್‌ನಿಂದ ಬ್ರಸೆಲ್ಸಿಗೆ ಒಂದೂವರೆ ಗಂಟೇನೂ ಇಲ್ಲ ಅನ್ಸುತ್ತೆ, ಆದ್ರೆ ಆ ದಿನ ಬೆಳಗ್ಗೆ ಮಕ್ಕಳನ್ನ ಎಬ್ಬಿಸಿ, ಇನ್ನೂ ಒಣಗದೇ ಇರೋ ಬಟ್ಟೇನ ಕವರಿಗೆ ತುರುಕಿ, ಚೆಕ್‌ಔಟ್ ಮಾಡಿ, ಸ್ಟೇಷನ್ನಿಗೆ ಮುಂಚೇನೇ ಹೋಗಿ ಕಾದು, ಇಳಿದು ಹೊಸ ಹೋಟೆಲ್ ಹುಡುಕಿ, ಅಲ್ಲಿ ಮಧ್ಯಾಹ್ನ ಮೂರರವರೆಗೆ ರೂಮ್ ಕೊಡಲ್ಲ ಅಂತ ಲಾಬಿಲಿ ಕೂತ್ರೆ, ಒಂದು ದಿನ ಹೋಯ್ತು ಅಂತಾನೇ ಲೆಕ್ಕ. ಆರು ಸಲ ಹೀಗೆ ಮಾಡೋಕೆ ಎರಡು ವಾರ ಯಾಕೆ ಖರ್ಚು ಮಾಡ್ಬೇಕು ಹೇಳಿ.

ಮೂರೇ ಕಡೆ ಬೀಡು ಬಿಡಿ: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಅಥವಾ ಬ್ರಸೆಲ್ಸ್ ಎರಡರಲ್ಲಿ ಒಂದು, ಆಮೇಲೆ ಲೂಸರ್ನ್. ಮಿಕ್ಕಿದ್ದೆಲ್ಲ ಬೆಳಗ್ಗೆ ಹೋಗಿ ಸಂಜೆ ಬರೋದು. ಬ್ರಸೆಲ್ಸಲ್ಲಿ ಉಳಿದ್ರೆ ಗೆಂಟ್ ಅರ್ಧ ಗಂಟೆ, ಬ್ರೂಝ್ ಒಂದು ಗಂಟೆ, ಕೈಬೀಸ್ಕೊಂಡು ಹೋಗಿ ಬರಬಹುದು. ಮತ್ತೆ ವಾಪಸ್ ಪ್ಯಾರಿಸ್ಸಿಗೆ ಯಾಕೆ ಹೋಗ್ತೀರಿ? ಫ್ಲೈಟ್ ಬುಕ್ ಮಾಡುವಾಗಲೇ ಮಲ್ಟಿ ಸಿಟಿ ಅಂತ ಹಾಕಿ, ಪ್ಯಾರಿಸ್ಸಲ್ಲಿ ಇಳಿದು ಜ್ಯೂರಿಕ್‌ನಿಂದ ಹೊರಡಿ. ಜ್ಯೂರಿಕ್ ಏರ್‌ಪೋರ್ಟ್ ಕೆಳಗೇ ಸ್ಟೇಷನ್ ಇದೆ, ಲೂಸರ್ನ್‌ನಿಂದ ನೇರ ಟ್ರೇನು ಇದೆ, ಒಂದು ಗಂಟೆ ಸ್ವಲ್ಪ ಮೇಲೆ.

ಪ್ಯಾರಿಸ್ ಬಗ್ಗೆ. ಮೇ ತಿಂಗಳಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಹಾಗಾಗಿ ಮೊದಲ ಎರಡು ದಿನ ನಿಮ್ಮ ಮಗ ಬೆಳಗಿನ ಜಾವ ಮೂರಕ್ಕೇ ಎದ್ದು ಕೂತ್ಕೋತಾನೆ, ರಾತ್ರಿ ಊಟಕ್ಕೆ ಮುಂಚೇನೇ ತೂಕಡಿಸ್ತಾನೆ. ಆ ದಿನಗಳಿಗೆ ಸಂಜೆ ಟಿಕೆಟ್ ಏನೂ ಬುಕ್ ಮಾಡ್ಬೇಡಿ. ಲೂವ್ರ್ ಮ್ಯೂಸಿಯಂ ಮಂಗಳವಾರ ರಜ, ಮಕ್ಕಳಿಗೆ ಫ್ರೀ. ಮೋನಾಲಿಸಾ ಮುಂದೆ ಜನ ಜಾಸ್ತಿ, 4 ವರ್ಷದವನಿಗೆ ಬರೀ ಬೆನ್ನುಗಳು ಕಾಣ್ಸುತ್ತೆ. ಈಜಿಪ್ಟಿನ ಮಮ್ಮಿ ತೋರಿಸಿ ಆಚೆ ಬಂದ್ಬಿಡಿ. ಲಕ್ಸಂಬರ್ಗ್ ಗಾರ್ಡನ್ನಿನ ಕೊಳದಲ್ಲಿ ಪುಟ್ಟ ಹಾಯಿದೋಣಿ ಬಾಡಿಗೆಗೆ ಕೊಡ್ತಾರೆ, ಒಂದು ಕೋಲಲ್ಲಿ ತಳ್ಳಿ ಬಿಟ್ರೆ ಗಾಳಿಗೆ ಆ ಕಡೆ ದಡಕ್ಕೆ ಹೋಗುತ್ತೆ, ಮಕ್ಕಳು ಸುತ್ತು ಹಾಕ್ಕೊಂಡು ಓಡಿ ಹೋಗಿ ಹಿಡೀತಾರೆ. ನಮ್ಮನೇಲಿ ಇವತ್ತಿಗೂ ಪ್ಯಾರಿಸ್ ಅಂದ್ರೆ ಆ ದೋಣೀನೇ, ಐಫೆಲ್ ಟವರ್ ಅಲ್ಲ. ಇನ್ನೊಂದು ಪುಕ್ಕಟೆ ಆಟ: ಮೆಟ್ರೋ ಲೈನ್ 1, 4, 14ಕ್ಕೆ ಡ್ರೈವರ್ ಇಲ್ಲ, ಮುಂದಿನ ಬೋಗಿ ಹತ್ತಿದ್ರೆ ಗಾಜಿನ ಮುಂದೆ ಮಕ್ಕಳೇ ಡ್ರೈವರು. ಅತ್ತೆಗೆ ಮಾತ್ರ ಪ್ಯಾರಿಸ್ ಮೆಟ್ರೋ ಕಷ್ಟಾನೇ, ಹಳೇ ಲೈನುಗಳಲ್ಲಿ ಮೆಟ್ಟಿಲೋ ಮೆಟ್ಟಿಲು. ಪೂರ್ತಿ ಲಿಫ್ಟ್ ಇರೋದು 14ಕ್ಕೆ. ಮಿಕ್ಕ ಕಡೆ ಬಸ್ ಹತ್ತಿ, ಊರೂ ನೋಡಿದ ಹಾಗಾಯ್ತು.

ಜರ್ಮನಿಯ ಮೈಂಜ್‌ನಿಂದ:

ಟಿಕೆಟ್ ಬಗ್ಗೆ ನಾನು ಹೇಳ್ತೀನಿ. ಹಲವು ದೇಶಗಳ ಟ್ರೇನಿಗೆ ಒಂದೇ ಪಾಸ್ ಅಂದ್ರೆ ಇಂಡಿಯಾದಿಂದ ಬರೋರಿಗೆ ಯೂರೇಲ್ ಪಾಸ್, ಇಲ್ಲೇ ಇರೋ ನಮ್ಮಂಥವರಿಗೆ ಇಂಟರ್‌ರೇಲ್. 12 ತುಂಬದ ಮಕ್ಕಳಿಗೆ ದೊಡ್ಡವರ ಪಾಸ್ ಜೊತೆ ಪಾಸ್ ಫ್ರೀ, ಒಬ್ಬ ದೊಡ್ಡವರಿಗೆ ಇಬ್ಬರು ಮಕ್ಕಳವರೆಗೆ, ಆದ್ರೆ ಆರ್ಡರ್ ಮಾಡುವಾಗ ಅವರ ಹೆಸರಲ್ಲೂ ಮಕ್ಕಳ ಪಾಸ್ ಹಾಕ್ಲೇಬೇಕು. 4 ತುಂಬದಿದ್ರೆ ಪಾಸೇ ಬೇಡ, ನಿಮ್ಮ ಮಗನಿಗೆ ತುಂಬಿದೆ ಅಂದ್ರಲ್ಲ, ಬೇಕು. ಕೇಳೋಕೆ ಚೆನ್ನಾಗಿದೆ ಅಲ್ವಾ, ಈಗ ಇನ್ನೊಂದು ಕಡೆ ನೋಡಿ. ಯೂರೋಸ್ಟಾರ್, ಫ್ರಾನ್ಸಿನ ಟಿಜಿವಿ, ಈ ಎರಡು ಫಾಸ್ಟ್ ಟ್ರೇನಲ್ಲೂ ಪಾಸ್ ಇದ್ರೂ ಸೀಟ್ ರಿಸರ್ವೇಶನ್ ಬೇರೆ ದುಡ್ಡು ಕೊಟ್ಟು ತಗೋಬೇಕು, ಮಕ್ಕಳಿಗೂ. ಯೂರೋಸ್ಟಾರಲ್ಲಿ ಪಾಸ್‌ನವರಿಗೆ ಅಂತ ಇಡೋ ಸೀಟೂ ಕಮ್ಮಿ. ಪ್ಯಾರಿಸ್-ಆಮ್‌ಸ್ಟರ್‌ಡ್ಯಾಮ್ ಓಡ್ತಿದ್ದ ಥಾಲಿಸ್ ಈಗಿಲ್ಲ, 2023ರಿಂದ ಅದೂ ಯೂರೋಸ್ಟಾರ್ ಹೆಸರಲ್ಲೇ ಓಡುತ್ತೆ, ಹಳೇ ಬ್ಲಾಗ್ ಓದಿ ಹುಡುಕ್ಬೇಡಿ. ದಿನಾ ಎಲ್ಲಾದರೂ ದೂರ ಹೋಗ್ತಾನೇ ಇರೋರಿಗೆ, ಯಾವತ್ತು ಎಲ್ಲಿಗೆ ಅಂತ ಮೊದಲೇ ಗೊತ್ತಿಲ್ಲದೋರಿಗೆ ಪಾಸ್ ಸರಿ. ನಿಮ್ಮ ಥರ ನಾಲ್ಕೈದು ದೊಡ್ಡ ಪ್ರಯಾಣ, ಡೇಟು ಫಿಕ್ಸು ಅನ್ನೋರಿಗೆ ಬಿಡಿ ಟಿಕೆಟ್ಟೇ ಲಾಭ, ಬುಕಿಂಗ್ ಓಪನ್ ಆದ ತಕ್ಷಣ ತಗೊಂಡ್ರೆ.

ಜರ್ಮನಿ ಒಳಗೆ ಡಿಬಿ (ಇಲ್ಲಿನ ರೈಲ್ವೆ ಕಂಪನಿ) ಟಿಕೆಟಲ್ಲಿ 6ರಿಂದ 14ರ ಮಕ್ಕಳು ದೊಡ್ಡವರ ಜೊತೆ ಫ್ರೀ, ಆದ್ರೆ ಬುಕ್ ಮಾಡುವಾಗ ಮಕ್ಕಳ ಸಂಖ್ಯೆ ಹಾಕಿರ್ಬೇಕು, ಆಮೇಲೆ ಸೇರಿಸೋಕಾಗಲ್ಲ. 6 ತುಂಬದವನಿಗೆ ಟಿಕೆಟ್ಟೇ ಬೇಡ. ಟಿಕೆಟ್ ಬೇಡ ಅಂದ್ರೆ ಸೀಟ್ ಇದೆ ಅಂತಲ್ಲ, ಐಸಿಇ, ಅಂದ್ರೆ ಇಲ್ಲಿನ ಫಾಸ್ಟ್ ಟ್ರೇನು, ರಶ್ ಇದ್ರೆ ನಾಲ್ಕು ಗಂಟೆ ತೊಡೆ ಮೇಲೇನೇ. ಅದಕ್ಕೆ ಐದೂ ಜನಕ್ಕೆ ಸೀಟ್ ರಿಸರ್ವ್ ಮಾಡಿ. ಐಸಿಇಲಿ ಪುಟ್ಟ ಮಕ್ಕಳಿರೋರಿಗೆ ಅಂತಾನೇ ಬಾಗಿಲು ಹಾಕ್ಕೊಳ್ಳೋ ಸಣ್ಣ ಕಂಪಾರ್ಟ್‌ಮೆಂಟ್ ಇರುತ್ತೆ, ಬುಕಿಂಗಲ್ಲಿ ಆರಿಸ್ಕೋಬಹುದು, ಬೇಗ ಖಾಲಿಯಾಗುತ್ತೆ.

ಜರ್ಮನ್ ಟ್ರೇನ್ ಟೈಮಿಗೆ ಸರಿಯಾಗಿ ಬರುತ್ತೆ ಅನ್ನೋ ಕಾಲ ಹೋಯ್ತು, ಇಲ್ಲಿರೋರಿಗೆ ಅದು ಜೋಕು. ಹತ್ತು ನಿಮಿಷದ ಕನೆಕ್ಷನ್ ತಗೋಬೇಡಿ, ಮಕ್ಕಳು, ಅತ್ತೆ ಇದ್ರೆ ಮುಕ್ಕಾಲು ಗಂಟೆ ಆದ್ರೂ ಇಟ್ಕೊಳ್ಳಿ. ಒಂದೇ ಬುಕಿಂಗಲ್ಲಿ ಇದ್ದು ಅವರ ಟ್ರೇನ್ ಲೇಟಾಗಿ ಮುಂದಿನದು ತಪ್ಪಿದ್ರೆ ಅಗ್ಗದ ಟಿಕೆಟ್ಟಿಗೂ ಮುಂದಿನ ಟ್ರೇನ್ ಹತ್ತಬಹುದು. ಒಂದು ಗಂಟೆ ಲೇಟಿಗೆ ಟಿಕೆಟ್ ದುಡ್ಡಿನ 25 ಪರ್ಸೆಂಟ್, ಎರಡು ಗಂಟೆಗೆ 50 ವಾಪಸ್, ನೀವು ಕೇಳಿದ್ರೆ ಮಾತ್ರ.

ಮೈಸೂರಿನ ಮೇಡಂ ಕಲೋನ್ ಬಿಡಿ ಅನ್ನೋ ಹಾಗಿದೆ, ನಾನು ಒಪ್ಪಲ್ಲ. ಆಮ್‌ಸ್ಟರ್‌ಡ್ಯಾಮಿಂದ ಲೂಸರ್ನಿಗೆ ಒಂದೇ ದಿನ ಎಳ್ಕೊಂಡು ಹೋದ್ರೆ ಮಕ್ಕಳು ಹೈರಾಣಾಗ್ತಾರೆ, ನಡುವೆ ಒಂದು ರಾತ್ರಿ ಬೇಕೇ ಬೇಕು. ಕಲೋನಲ್ಲಿ ಸ್ಟೇಷನ್ ಬಾಗಿಲಿಂದ ಆಚೆ ಬಂದ್ರೆ ಎದುರಿಗೇ ಕೆಥೀಡ್ರಲ್, 157 ಮೀಟರ್ ಗೋಪುರ, ತಲೆ ಎತ್ತಿ ನೋಡಿದ್ರೆ ಕತ್ತು ನೋಯುತ್ತೆ. ಮೇಲೆ ಹತ್ತೋಕೆ 533 ಮೆಟ್ಟಿಲು, ಯಜಮಾನ್ರು ಮಗಳನ್ನ ಕರ್ಕೊಂಡು ಹತ್ತಲಿ, ಮಿಕ್ಕವರು ನದಿ ದಂಡೇಲಿ ಚಾಕಲೇಟ್ ಮ್ಯೂಸಿಯಮ್ಮಿಗೆ ಹೋಗ್ಲಿ. ಮಾರನೇ ದಿನ ಹೊರಡುವಾಗ ಫಾಸ್ಟ್ ಐಸಿಇ ಬೇಡ, ಅದು ಸುರಂಗದೊಳಗೇ ನುಗ್ಗಿ ಹೋಗುತ್ತೆ. ಕೊಬ್ಲೆನ್ಜ್ ಮೇಲೆ ಮೈಂಜಿಗೆ ಬರೋ ನಿಧಾನದ ಲೈನ್ ತಗೊಳ್ಳಿ, ರೈನ್ ನದಿ ಪಕ್ಕದಲ್ಲೇ ಹೋಗುತ್ತೆ, ಕಲೋನ್‌ನಿಂದ ಬರುವಾಗ ಎಡಗಡೆ ಕಿಟಕಿ. ಕೊಬ್ಲೆನ್ಜಿಂದ ಬಿಂಗನ್‌ವರೆಗೆ ಗುಡ್ಡಕ್ಕೊಂದು ಕೋಟೆ. ಮಗಳ ಕೈಗೆ ಪೆನ್ನು ಪೇಪರ್ ಕೊಟ್ಟು ಎಣಿಸು ಅನ್ನಿ, ಒಂದು ಗಂಟೆ ನಿಮ್ಮ ತಂಟೆಗೆ ಬರಲ್ಲ.

ಬೆಂಗಳೂರಿನಿಂದ:

ಅಬ್ಬಾ, ತುಂಬಾ ಥ್ಯಾಂಕ್ಸ್ ಇಬ್ರಿಗೂ. ಇಂಟರ್‌ಲಾಕನ್ ತೆಗೆದೆ, ಬ್ರಸೆಲ್ಸ್ ತೆಗೆಯೋಕೆ ಯಜಮಾನ್ರು ಒಪ್ತಿಲ್ಲ, ನೋಡೋಣ. ಅತ್ತೆ ಊಟದ ಬಗ್ಗೆ ಯಾರಾದ್ರೂ ಹೇಳಿ. ಅವರು ಈಗಲೇ ತುಪ್ಪ ಕಾಯಿಸಿ ಡಬ್ಬಿಗೆ ಹಾಕೋ ಮಾತಾಡ್ತಿದಾರೆ.

ಹುಬ್ಬಳ್ಳಿಯಿಂದ:

ತಂಗಿ, ನಾ ಮಾತಾಡ್ತೇನಿ, ಯಾಕಂದ್ರ ನಾನೂ ಮೊಮ್ಮಕ್ಕಳ ಜೋಡಿ ಹೋಗಿ ಬಂದಾಂವ, ನಿಮ್ಮತ್ತಿಯವರ ಕಡೀಂದ ಮಾತಾಡಾವರು ಯಾರರ ಬೇಕಲ್ಲ. ತುಪ್ಪ ಒಯ್ಯಬ್ಯಾಡ್ರಿ. ಹೊರಗಿನ ದೇಶದಿಂದ ಹಾಲಿನ ಪದಾರ್ಥ ತರೂದು ಅವರ ಕಾನೂನಿನ್ಯಾಗ ಇಲ್ಲ, ತುಪ್ಪ, ಖೋವಾ, ಪೇಡೆ ಎಲ್ಲಾ ಅದರಾಗ ಬರ್ತಾವ. ಹಸಿ ಕರಿಬೇವೂ ನಡಿಯೂದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಕಟ್ಟಿಕೊಂಡು ಹೋಗ್ರಿ, ಕೆಡೂದಿಲ್ಲ, ವಾಸನಿ ಇಲ್ಲ, ಟ್ರೇನಿನ್ಯಾಗ ಕುಂತು ಮುರಕೊಂಡು ತಿಂದ್ರ ಯಾರೂ ಹೊಳ್ಳಿ ನೋಡೂದಿಲ್ಲ. ನಿಮ್ಮ ಕಡೆ ಗೊಜ್ಜವಲಕ್ಕಿ ಮಾಡ್ತೀರಲ್ಲ, ಅದರ ಪುಡಿ ಭಾಳ ಚಲೋ, ಬಿಸಿನೀರು ಹಾಕಿದ್ರ ಆತು. ಮೊಸರು ಎಲ್ಲಾ ಸೂಪರ್ ಮಾರ್ಕೆಟಿನ್ಯಾಗೂ ಸಿಗತೈತಿ, ಸಕ್ಕರಿ ಹಾಕಿದ್ದು ಅಲ್ಲ ಅನ್ನೂದು ಖಾತ್ರಿ ಮಾಡಿಕೊಂಡು ತಗೋರಿ. ಜರ್ಮನಿಯೊಳಗ ಐತವಾರ ಅಂಗಡಿ ಬಂದ್, ದೊಡ್ಡ ಸ್ಟೇಷನ್ನಿನ ಒಳಗಿನವು ತೆರದಿರ್ತಾವ.

ಹೋಟೆಲ್ ಬದಲಿ ಅಡಗಿಮನಿ ಇರೋ ಅಪಾರ್ಟ್‌ಮೆಂಟ್ ತಗೋರಿ, ಅನ್ನಾ ಸಾರು ಆದ್ರ ಹಿರ್ಯಾರು ಅರ್ಧಾ ಗೆದ್ದಂಗ. ಬುಕ್ ಮಾಡೂ ಮುಂದ ಲಿಫ್ಟ್ ಐತೇನು ಅಂತ ಕೇಳ್ರಿ, ಹಳೆ ಕಟ್ಟಡದಾಗ ಇರೂದಿಲ್ಲ. ಪ್ಯಾರಿಸ್ಸಿನ್ಯಾಗ ಗಾರ್ ದು ನಾರ್ ಸ್ಟೇಷನ್ನಿನ ಹಿಂದ ಲಾ ಶಾಪೆಲ್ ಕಡೆ ಶ್ರೀಲಂಕಾದ ತಮಿಳರ ಅಂಗಡಿ ಸಾಲು ಐತಿ, ದೋಸಿ ಇಡ್ಲಿ ಸಿಗತಾವ. ಒಂದು ಮಾತು: ಮಕ್ಕಳು ತಿನ್ನೂ ಬಣ್ಣಬಣ್ಣದ ಜೆಲ್ಲಿ ಮಿಠಾಯಿಯೊಳಗ ಬಹಳಷ್ಟಕ್ಕ ಹಂದಿ ಜೆಲಟಿನ್ ಹಾಕಿರ್ತಾರ. ಕೆಲವು ಚೀಸಿಗೆ ಹಾಲು ಒಡಿಸಾಕ ಕರುವಿನ ಹೊಟ್ಟಿಯ ರೆನೆಟ್ ಹಾಕಿರ್ತಾರ. ನಿಮ್ಮತ್ತಿಗೆ ಮೊದಲ ಹೇಳಿಬಿಡ್ರಿ, ತಿಂದಮ್ಯಾಲ ಗೊತ್ತಾದ್ರ ನಿಮಗ ಕಷ್ಟ.

ಮತ್ತ ಹಿರ್ಯಾರು ನಡದು ದಣದ್ರ ಬಾಯಿಬಿಟ್ಟು ಹೇಳೂದಿಲ್ಲ. ದಿನಾ ಮಧ್ಯಾಹ್ನ ಎರಡು ತಾಸು ಒಂದು ಕಡೆ ಕುಂಡ್ರಸ್ರಿ. ನನಗಂತೂ ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದೋಣಿ ಭಾಳ ಸೇರ್ತು, ಕುಂತಲ್ಲೇ ಊರು ಬರ್ತಿತ್ತು.

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ:

ಆಮ್‌ಸ್ಟರ್‌ಡ್ಯಾಮ್ ಬಂದ್ರೆ ಮೊದಲು ಮಕ್ಕಳಿಗೆ ಕೆಂಪು ರಸ್ತೆ ತೋರಿಸಿ ಹೇಳಿ, ಅದು ಸೈಕಲ್ಲಿಂದು, ಫೋಟೋ ತೆಗೆಯೋಕೆ ಅಲ್ಲಿ ನಿಂತ್ರೆ ಸೈಕಲ್ಲವರು ನಿಲ್ಸಲ್ಲ, ಬೆಲ್ ಹೊಡೆದು ನುಗ್ತಾರೆ. ಟ್ರೇನಿಗೆ ಟಿಕೆಟ್ ಕೌಂಟರ್ ಹುಡುಕೋದೇ ಬೇಡ, ನಿಮ್ಮ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ಗೇಟಲ್ಲಿ ಟ್ಯಾಪ್ ಮಾಡಿ, ಒಬ್ಬರಿಗೊಂದು ಕಾರ್ಡ್, ಇಳಿದಾಗ ಮತ್ತೆ ಟ್ಯಾಪ್ ಮಾಡ್ಲೇಬೇಕು. 4ರಿಂದ 11ರ ಮಕ್ಕಳಿಗೆ ರೇಲ್‌ರನ್ನರ್ ಅಂತ ಡೇ ಟಿಕೆಟ್ ಇದೆ, ತುಂಬಾ ಅಗ್ಗ, ಇಡೀ ದಿನ ಎಲ್ಲಿ ಬೇಕಾದ್ರೂ ಸುತ್ತಿ. ಮಗನಿಗೆ ಟ್ರೇನ್ ಹುಚ್ಚಿದ್ರೆ ಯೂಟ್ರೆಕ್ಟಲ್ಲಿ ರೈಲ್ವೇ ಮ್ಯೂಸಿಯಂ ಬಿಡ್ಬೇಡಿ, ಹಳೇ ಸ್ಟೇಷನ್ನಲ್ಲೇ ಮಾಡಿದಾರೆ, ಸ್ಟೀಮ್ ಎಂಜಿನ್ ಮೇಲೆ ಹತ್ತಿಸ್ತಾರೆ. ದಿ ಹೇಗಲ್ಲಿ ಮದುರೋಡಾಮ್, ಇಡೀ ದೇಶವನ್ನ 25ನೇ ಒಂದು ಅಳತೆಗೆ ಇಳಿಸಿರೋದು, ಓಡೋ ಟ್ರೇನ್ ಸಮೇತ. ಟ್ಯೂಲಿಪ್ ತೋಟ ಮೇ ನಡುಮಧ್ಯಕ್ಕೆ ಮುಚ್ಚುತ್ತೆ, ಡೇಟ್ ನೋಡ್ಕೊಳ್ಳಿ. ಆ್ಯನ್ ಫ್ರಾಂಕ್ ಮನೆ ಮಗಳಿಗೆ ತೋರಿಸ್ಬೇಕಾದ್ರೆ ಟಿಕೆಟ್ ಆನ್‌ಲೈನಲ್ಲಿ ಮಾತ್ರ, ಪ್ರತಿ ಮಂಗಳವಾರ ಆರು ವಾರ ಮುಂದಿನದನ್ನ ಬಿಡ್ತಾರೆ, ಬೇಗ ಖಾಲಿ.

ಲಗೇಜ್ ಬಗ್ಗೆ ಯಾರೂ ಹೇಳ್ಲಿಲ್ಲ. ಇಲ್ಲಿ ಪೋರ್ಟರ್ ಇಲ್ಲ, ಟ್ರೇನ್ ನಿಲ್ಲೋದು ಸಣ್ಣ ಸ್ಟೇಷನ್ನಲ್ಲಿ ಎರಡು ನಿಮಿಷ. ದೊಡ್ಡವರಿಗೊಂದು ಮಧ್ಯಮ ಸೂಟ್‌ಕೇಸ್, ಒಂದು ಕೈ ಮಗು ಹಿಡಿಯೋಕೆ ಖಾಲಿ ಇರ್ಬೇಕು, ಅಷ್ಟೇ ಲೆಕ್ಕ. ಜರ್ಮನಿ ಪ್ಲಾಟ್‌ಫಾರ್ಮಲ್ಲಿ ಎ, ಬಿ, ಸಿ ಅಂತ ಬೋರ್ಡ್ ಇರುತ್ತೆ, ನಿಮ್ಮ ಬೋಗಿ ಯಾವ ಅಕ್ಷರದ ಹತ್ರ ನಿಲ್ಲುತ್ತೆ ಅಂತ ಡಿಸ್‌ಪ್ಲೇಲಿ ನೋಡಿ ಅಲ್ಲೇ ನಿಂತಿರಿ, ಇಲ್ಲಾಂದ್ರೆ ಅತ್ತೆ ಸಮೇತ ಓಟ. ಪ್ಯಾರಿಸಲ್ಲಿ ಯಾವ ಪ್ಲಾಟ್‌ಫಾರ್ಮ್ ಅಂತ ಹೊರಡೋಕೆ ಇಪ್ಪತ್ತು ನಿಮಿಷ ಮುಂಚೆ ಹಾಕ್ತಾರೆ, ಎಲ್ರೂ ಬೋರ್ಡ್ ನೋಡ್ತಾ ನಿಂತಿರೋ ಆ ಹೊತ್ತಲ್ಲೇ ಕಳ್ಳರು ಕೆಲಸ ಮಾಡೋದು, ಒಬ್ಬರು ಬೋರ್ಡ್ ನೋಡಿ, ಮಿಕ್ಕವರು ಬ್ಯಾಗ್ ನೋಡಿ. ಸ್ಟೇಷನ್ ಟಾಯ್ಲೆಟ್ಟಿಗೆ ದುಡ್ಡು ಕೊಡ್ಬೇಕು, ಇಳಿಯೋಕೆ ಮುಂಚೆ ಟ್ರೇನಲ್ಲೇ ಮಗನನ್ನ ಕರ್ಕೊಂಡು ಹೋಗ್ಬಿಡಿ.

ವೀಸಾ ಎಲ್ಲಿ ಹಾಕ್ಬೇಕು ಅಂದ್ರೆ ಜಾಸ್ತಿ ರಾತ್ರಿ ಉಳಿಯೋ ದೇಶದ್ದು, ಸಮ ಬಂದ್ರೆ ಮೊದಲು ಕಾಲಿಡೋ ದೇಶದ್ದು. ಸ್ವಿಟ್ಜರ್‌ಲ್ಯಾಂಡೂ ಶೆಂಗೆನ್, ಅಂದ್ರೆ ಒಂದೇ ವೀಸಾ ನಡೆಯೋ ದೇಶಗಳ ಗುಂಪಿನ ಒಳಗೇ ಬರುತ್ತೆ, ಬೇರೆ ಬೇಡ. ದೊಡ್ಡವರಿಗೆ 90 ಯೂರೋ, 6ರಿಂದ 12ಕ್ಕೆ ಒಳಗಿನವರಿಗೆ 45, ಮಗನಿಗೆ ಫ್ರೀ. ಆರು ತಿಂಗಳು ಮುಂಚೆಯಿಂದ ಹಾಕಬಹುದು, ಏಪ್ರಿಲ್‌ವರೆಗೆ ಕಾಯ್ಬೇಡಿ.

ಬೆಂಗಳೂರಿನಿಂದ:

ಇದೆಲ್ಲ ಪ್ರಿಂಟ್ ತೆಗೆದು ಯಜಮಾನ್ರಿಗೆ ಕೊಡ್ತೀನಿ. ಕೊನೇದೊಂದೇ, ಇಂಟರ್‌ಲಾಕನ್ ಬಿಟ್ರೆ ಜಂಗ್‌ಫ್ರೌ ಬೆಟ್ಟ ತಪ್ಪುತ್ತಲ್ಲ, ಹಿಮ ನೋಡ್ದೆ ಬಂದ್ರೆ ಮನೇಲಿ ಏನಂತಾರೋ.

ಮೈಸೂರಿನಿಂದ:

ಜಂಗ್‌ಫ್ರೌ ಸ್ಟೇಷನ್ 3454 ಮೀಟರ್ ಎತ್ತರ, ಪುಟ್ಟವನಿಗೂ ಅತ್ತೆಗೂ ತಲೆ ಸುತ್ತಬಹುದು, ಟಿಕೆಟ್ ರೇಟೂ ಅಷ್ಟೇ ಎತ್ತರ, ಸ್ವಿಸ್ ಟ್ರಾವೆಲ್ ಪಾಸ್ (ಆ ದೇಶದ ಟ್ರೇನು, ಬಸ್ಸು, ಬೋಟಿಗೆ ಒಂದೇ ಪಾಸ್) ಇದ್ರೂ ಬರೀ ರಿಯಾಯಿತಿ. ಲೂಸರ್ನಿಂದ ರಿಗಿ ಬೆಟ್ಟಕ್ಕೆ ಹೋಗಿ. ಸ್ವಿಸ್ ಟ್ರಾವೆಲ್ ಪಾಸಲ್ಲಿ ಪೂರ್ತಿ ಸೇರಿದೆ, ಫ್ಯಾಮಿಲಿ ಕಾರ್ಡ್ ಕೇಳಿ ತಗೊಂಡ್ರೆ ಮಗಳಿಗೂ ಫ್ರೀ. ಲೂಸರ್ನ್ ಸ್ಟೇಷನ್ ಎದುರೇ ಬೋಟ್ ಹತ್ತಿ ಫಿಟ್ಸ್‌ನೌ, ಅಲ್ಲಿಂದ ಹಲ್ಲಿನ ಚಕ್ರದ ಕೆಂಪು ಟ್ರೇನು, 1871ರಿಂದ ಓಡ್ತಿರೋದು, ಯುರೋಪಿನ ಮೊದಲ ಬೆಟ್ಟದ ರೈಲು ಅದೇ. 1798 ಮೀಟರ್ ತುದಿವರೆಗೂ ಕೂತಲ್ಲೇ ಹೋಗಬಹುದು. ಎದುರಿಗೆ ಹಿಮದ ಬೆಟ್ಟಗಳ ಸಾಲೇ ಕಾಣುತ್ತೆ, ಮೋಡ ಇಲ್ದಿದ್ರೆ, ಅದಕ್ಕೇ ಟಿಕೆಟ್ ಡೇಟ್ ಹಾಕಿಸ್ಬೇಡಿ, ಬೆಳಗ್ಗೆ ಎದ್ದು ವೆಬ್‌ಕ್ಯಾಮ್ ನೋಡಿ ಹೊರಡಿ. ಸಂಜೆ ಕೊನೇ ಬೋಟ್ ಟೈಮ್ ನೋಡಿಟ್ಕೊಳ್ಳಿ. ತಪ್ಪೋ ಹಾಗಿದ್ರೆ ಇನ್ನೊಂದು ಕಡೆಯಿಂದ ನೀಲಿ ಟ್ರೇನು ಆರ್ಟ್-ಗೋಲ್ಡೌಗೆ ಇಳಿಯುತ್ತೆ, ಅಲ್ಲಿಂದ ಲೂಸರ್ನಿಗೆ ಟ್ರೇನ್ ಸಿಗುತ್ತೆ, ಅದಕ್ಕೂ ಅದೇ ಪಾಸ್.