ಗವಿಯಲ್ಲಿ ‘ತ್ಸಂ’ ಕೂತವರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬೆಟ್ಟದ ಗವಿಗಳಲ್ಲಿ ಒಬ್ಬೊಬ್ಬರೇ ಧ್ಯಾನಕ್ಕೆ ಕೂರುವ ಟಿಬೆಟಿನ ಬೌದ್ಧರ ಬಗ್ಗೆ ಬರೆಯುತ್ತಿದ್ದೇನೆ. ಅವರನ್ನು ಏನೆಂದು ಕರೆಯೋದು ಅಂತ ತೋಚದೆ ಬರಹ ನಿಂತಿದೆ.

ಅವರ ಮಾತಿನಲ್ಲಿ ಇಂಥವರು ‘ರಿತ್ರೋಪಾ’, ಅಂದರೆ ಬೆಟ್ಟದಲ್ಲಿ ನೆಲೆಸಿದವರು. ಜನರ ಒಡನಾಟ ಬಿಟ್ಟು ಕೂರುವುದಕ್ಕೆ ‘ತ್ಸಂ’ ಅನ್ನುತ್ತಾರೆ. ಆ ಪದಕ್ಕೆ ಗಡಿ ಅಂತಲೇ ಅರ್ಥ. ಕೂರುವ ಮುಂಚೆ ಸುತ್ತ ಒಂದು ಎಲ್ಲೆ ಗೊತ್ತುಮಾಡಿಕೊಳ್ಳುತ್ತಾರೆ. ಊಟ ತರುವವರ ಹೊರತು ಬೇರೆಯವರು ಒಳಗೆ ಬರುವಂತಿಲ್ಲ, ಇವರೂ ಆಚೆ ಹೋಗುವಂತಿಲ್ಲ. ಮಾರಿಹಬ್ಬಕ್ಕೆ ಊರಲ್ಲಿ ಡಂಗುರ ಸಾರಿದ ಮೇಲೆ ಊರ ಗಡಿ ದಾಟಬಾರದು ಅಂತಾರಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಇದು ಮೂರು ವರ್ಷ ಮೂರು ತಿಂಗಳು ನಡೆಯುವುದೂ ಉಂಟು.

ಇಂಗ್ಲೆಂಡಿನಲ್ಲಿ ಹುಟ್ಟಿದ ಬೌದ್ಧ ಭಿಕ್ಷುಣಿ ತೆಂಜಿನ್ ಪಾಲ್ಮೊ 1976ರಿಂದ 12 ವರ್ಷ ಹಿಮಾಚಲದ ಲಾಹೌಲ್‌ನಲ್ಲಿ ಗವಿಯೊಂದರಲ್ಲಿದ್ದರು. ಮಲಗುತ್ತಿರಲಿಲ್ಲ. ಮರದ ಪೆಟ್ಟಿಗೆಯೊಳಗೆ ಕೂತೇ ರಾತ್ರಿ ಕಳೆಯುತ್ತಿದ್ದರು. ಕೊನೆಯ ಮೂರು ವರ್ಷದ ತ್ಸಂ ಮುಗಿಯುವ ಮೊದಲೇ, 1988ರಲ್ಲಿ, ವೀಸಾ ವಿಚಾರಕ್ಕೆ ಪೊಲೀಸಪ್ಪ ಬಂದು ಬಾಗಿಲು ಬಡಿದ. ಗಡಿಯೆಲ್ಲ ಅವನಿಗೆಲ್ಲಿ ಲೆಕ್ಕ!

ತ್ಸಂ ಕೂತವರಿಗೆ ‘ತ್ಸಂಪಾ’ ಅನ್ನುವುದುಂಟು. ಕಷ್ಟ ಏನೆಂದರೆ, ಅವರು ತಿನ್ನುವ ಹುರಿದ ಬಾರ್ಲಿ ಹಿಟ್ಟೂ ನಮ್ಮ ಲಿಪಿಯಲ್ಲಿ ತ್ಸಂಪಾನೇ. ‘ತ್ಸಂಪಾ ತ್ಸಂಪಾ ತಿಂದರು’ ಅಂತ ಬರೆಯೋಕಾಗಲ್ಲ ಅಲ್ವಾ?

‘ಸನ್ಯಾಸಿ’ ಎಲ್ಲರಿಗೂ ಹೊಂದಲ್ಲ. ಇವರಲ್ಲೆಲ್ಲ ಜಾಸ್ತಿ ಹೆಸರಾದ, ಹಿಂದಿನ ಕಾಲದ ಟಿಬೆಟಿನ ಯೋಗಿ ಮಿಲರೇಪ ದೀಕ್ಷೆ ಪಡೆದ ಭಿಕ್ಷುವೇ ಅಲ್ಲ. ಮೈಮೇಲೊಂದು ಹತ್ತಿಬಟ್ಟೆ, ಊಟಕ್ಕೆ ಬೇಯಿಸಿದ ತುರುಚೆ ಸೊಪ್ಪು, ಅಷ್ಟೇ. ಒಮ್ಮೆ ಅವನ ಮಡಕೆ ಒಡೆದಾಗ, ಒಳಗೆ ಸೊಪ್ಪಿನ ಕರೆ ಗಟ್ಟಿಯಾಗಿ ಇನ್ನೊಂದು ಹಸಿರು ಮಡಕೆಯೇ ಉಳಿದಿತ್ತಂತೆ. ‘ತಪಸ್ವಿ’ ಅಂದರೆ ನಮಗೆ ವರ, ಶಾಪ ನೆನಪಾಗುತ್ತೆ. ‘ಏಕಾಂತವಾಸಿ’ ಸುಮ್ನೆ ಪುಸ್ತಕದ ಪದ.

ನನಗೆ ಹಿಡಿಸಿದ್ದು ನಮ್ಮ ಮಠಗಳ ಕಡೆಯ ಮಾತು, ‘ಸ್ವಾಮಿಗಳು ಅನುಷ್ಠಾನಕ್ಕೆ ಕೂತಿದ್ದಾರೆ’. ಅದರಲ್ಲೂ ಭಕ್ತರನ್ನು ದೂರವಿಡುವ ಅರ್ಥ ಇದೆ. ಆದರೆ ಪೇಪರ್ ಓದುವವರಿಗೆ ಅನುಷ್ಠಾನ ಅಂದರೆ ಸರ್ಕಾರಿ ಯೋಜನೆ. ‘ಲಾಹೌಲ್‌ನಲ್ಲಿ ಮೂರು ವರ್ಷದ ಅನುಷ್ಠಾನ’ ಅಂದರೆ ಕುಡಿಯುವ ನೀರಿನ ಯೋಜನೆ ಅಂದುಕೊಂಡಾರು. ‘ಕೂತರು’ ಅಂತ ಸೇರಿಸಿದರೆ ಬಚಾವ್.

ಕ್ರಿಯೆಗೆ ಅದು ಸಾಕು. ಕೂತವರಿಗೆ ಏನನ್ನೋಣ? ‘ಗವಿಯವರು’ ಅಂದರೆ ತೀರಾ ಬೋಳು ಅನಿಸುತ್ತಾ? ಬೈಲಕುಪ್ಪೆ, ಮುಂಡಗೋಡ ಕಡೆಯವರು ಇಲ್ಲಿದ್ದರೆ ಹೇಳಿ: ಅಲ್ಲಿನ ಕನ್ನಡ ಬಲ್ಲ ಟಿಬೆಟನ್ನರು ಇವರನ್ನು ಏನಂತ ಕರೆಯುತ್ತಾರೆ?